ಶುಭ ಶುಕ್ರವಾರದ ಗಂಜಿ

ಮೈಸೂರು
ಪಾಸ್ಕ ಹಬ್ಬದ ಮಾರನೆಯ ದಿನ, ಸೋಮವಾರ
6-4-2026

ಪ್ರೀತಿಯ ಜೆನ್ನಿ,

ಲಕೋಟೆಯ ಮೇಲೆ, ನೀನು ಸನ್ಯಾಸಿನಿಯಾದಾಗ ಮಠದಲ್ಲಿ ಇಟ್ಟ ಹೆಸರನ್ನೇ ಬರೆದಿದ್ದೇನೆ. ಒಳಗೆ ಮಾತ್ರ ನೀನು ನನಗೆ ಜೆನ್ನಿಯೇ, ನಿಮ್ಮ ಮದರ್ ಬೇಜಾರು ಮಾಡಿಕೊಳ್ಳಬಾರದು. ಹೇಗಿದ್ದೀಯಮ್ಮ? ತಣ್ಣನೆಯ ನೆಲದ ಮೇಲೆ ಮಂಡಿಯೂರಿ ಮಂಡಿಯೂರಿ ಮೊಣಕಾಲು ಹಿಡಿದುಕೊಂಡಿದೆ ಎಂದು ಬರೆದಿದ್ದೆಯಲ್ಲ, ಈಗ ಹೇಗಿದೆ? ನಿನ್ನ ತಮ್ಮನ ಹೆಂಡತಿ ಸಿಲ್ವಿಯಾ ಕಳಿಸಿದ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಅದನ್ನೂ ತ್ಯಾಗಕ್ಕೆ ಸೇರಿಸಿ ಮೂಲೆಯಲ್ಲಿಟ್ಟಿದ್ದೀಯೋ? ನಿನ್ನ ಬುದ್ಧಿ ನನಗೆ ಗೊತ್ತು. ಹಚ್ಚಿಕೋ. ಎಣ್ಣೆ ಹಚ್ಚಿಕೊಂಡವರ ಪ್ರಾರ್ಥನೆಯನ್ನು ದೇವರು ಕೇಳುವುದಿಲ್ಲ ಎಂದು ಎಲ್ಲೂ ಬರೆದಿಲ್ಲ. ನಾನು ಚೆನ್ನಾಗಿದ್ದೇನೆ. ಬಿ.ಪಿ. ಮಾತ್ರೆ ನುಂಗುತ್ತಿದ್ದೇನೆ. ಪಾಸ್ಕಕ್ಕೆ ಮುಂಚಿನ ನಲವತ್ತು ದಿನ, ತಪಸ್ಸು ಕಾಲ ಪೂರ್ತಿ, ನಿಮ್ಮ ಮಠಕ್ಕೆ ಪತ್ರ ಹಾಕುವಂತಿಲ್ಲ, ಫೋನಂತೂ ನೀನು ಒಳಗೆ ಹೋದ ದಿನದಿಂದಲೂ ಇಲ್ಲ. ಹೇಳಬೇಕಾದದ್ದೆಲ್ಲ ಒಳಗೇ ಕೂಡಿಟ್ಟುಕೊಂಡು ನನಗೆ ಹೊಟ್ಟೆ ಉಬ್ಬರಿಸಿದ ಹಾಗಾಗಿದೆ. ಅದಕ್ಕೇ ಹಬ್ಬ ಮುಗಿದ ಮಾರನೇ ದಿನವೇ ಕೂತಿದ್ದೇನೆ.

ತಪಸ್ಸು ಕಾಲಕ್ಕೆ ಮುಂಚೆ ನೀನು ಬರೆದ ಪತ್ರದಲ್ಲಿ ಒಂದು ಮಾತು ಕೇಳಿದ್ದೆ. ಕತ್ತಿನ ಆಪರೇಷನ್ ಆದಮೇಲೆ ಅಪ್ಪ ನಿಜವಾಗಿ ಹೇಗಿದ್ದಾರೆ, ಏನೂ ಮುಚ್ಚಿಡದೆ ಬರಿ ಎಂದಿದ್ದೆ. ಅದನ್ನು ಎಷ್ಟು ಸಲ ಓದಿದ್ದೇನೋ. ಈಗ ಇದನ್ನು ಬರೆಯುತ್ತಿರುವಾಗ ನಿಮ್ಮಪ್ಪ ನನ್ನ ಎದುರಿಗೇ ಈಸಿಚೇರಿನಲ್ಲಿ ಕೂತಿದ್ದಾರೆ. ಯಾರಿಗೆ ಬರೆಯುತ್ತಿದ್ದೇನೆಂದು ಗೊತ್ತು. ನಾನು ಟೀಚರಾಗಿದ್ದ ಕಾಲದ ಸ್ಲೇಟೊಂದು ಅಟ್ಟದಲ್ಲಿತ್ತಲ್ಲ, ಮಾತು ಹೋದಮೇಲೆ ಅದೇ ಅವರಿಗೆ ಬಾಯಿ. ಬೆಳಿಗ್ಗೆ ಕಾಗದ ತೆಗೆದ ತಕ್ಷಣ ಅದರ ಮೇಲೆ ಬರೆದು ತೋರಿಸಿದರು: "ನನ್ನ ವಿಷಯ ಬೇಡ. ಅವಳ ಪ್ರಾರ್ಥನೆ ಕೆಡುತ್ತದೆ. ಗಂಜಿ ವಿಷಯ ಬರಿ." ಮದುವೆಯಾದಾಗಿನಿಂದ ಅವರ ಮಾತು ಮೀರಿದವಳಲ್ಲ ಎಂದರೆ ನೀನು ನಗುತ್ತೀಯ. ಎಷ್ಟೋ ಸಲ ಮೀರಿದ್ದೇನೆ. ಆದರೆ ಈ ಸಲ ಮೀರಬೇಕೋ ಬೇಡವೋ ನನಗೇ ತಿಳಿಯುತ್ತಿಲ್ಲ ಕಣಮ್ಮ. ಗಂಜಿಯ ವಿಷಯ ಮೊದಲು ಬರೆಯುತ್ತೇನೆ. ಬರೆಯುತ್ತಾ ಬರೆಯುತ್ತಾ ಕೈಗೆ ಎಷ್ಟು ಧೈರ್ಯ ಬರುತ್ತದೋ ನೋಡೋಣ.

ತಪಸ್ಸು ಕಾಲ ಶುರುವಾದ ವಾರದಲ್ಲೇ ಚರ್ಚಿನಲ್ಲಿ ಮೀಟಿಂಗು ಕರೆದಿದ್ದರು. ಹೊಸದಾಗಿ ಬಂದಿರುವ ಫಾದರ್ ಒಳ್ಳೆಯವರು, ಮೆತ್ತಗೆ ಮಾತಾಡುತ್ತಾರೆ. ನಿಮ್ಮಪ್ಪನ ಕಡೆ ನೋಡಿ, ಸಹಾಯರಾಜಣ್ಣ ಇಷ್ಟು ವರ್ಷ ಶುಭ ಶುಕ್ರವಾರದ ಗಂಜಿ ನಡೆಸಿಕೊಟ್ಟಿದ್ದಾರೆ, ಈ ಸಲ ಅವರಿಗೆ ವಿಶ್ರಾಂತಿ ಕೊಡೋಣ, ಶುಕ್ರವಾರದ ಆರಾಧನೆ ಮುಗಿದ ಮೇಲೆ ಎಲ್ಲರಿಗೂ ಒಂದು ಬನ್ನು, ಒಂದು ಪ್ಯಾಕೆಟ್ ಮಜ್ಜಿಗೆ ಕೊಟ್ಟರೆ ಸಾಕಲ್ಲವೇ ಎಂದರು. ನಿಮ್ಮಪ್ಪ ಎದ್ದು ನಿಧಾನವಾಗಿ ಮುಂದೆ ಹೋಗಿ, ಮಕ್ಕಳ ಧರ್ಮೋಪದೇಶಕ್ಕೆ ಇಟ್ಟಿರುವ ಕಪ್ಪು ಹಲಗೆಯ ಮೇಲೆ ದಪ್ಪಕ್ಷರದಲ್ಲಿ "ಗಂಜಿ ಇರುತ್ತದೆ" ಎಂದು ಬರೆದು ಬಂದು ಕೂತರು. ಜನ ಚಪ್ಪಾಳೆ ತಟ್ಟಿದರು. ಮೇಟಗಳ್ಳಿಯ ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಅಷ್ಟು ವರ್ಷ ಸಾವಿರಾರು ಜನಕ್ಕೆ ಬೇಯಿಸಿ ಹಾಕಿದವರು, ಅವರಿಗೆ ಬನ್ನಿನ ಮಾತು ಆಡಬಹುದೇ? ಆದರೆ ನನ್ನ ಪಕ್ಕದಲ್ಲಿದ್ದ ನಿನ್ನ ತಮ್ಮ ಕೆವಿನ್ ಚಪ್ಪಾಳೆ ತಟ್ಟಲಿಲ್ಲ. ತಲೆ ತಗ್ಗಿಸಿ ಕೂತಿದ್ದ.

ಮನೆಗೆ ಬಂದಮೇಲೆ ನಿನ್ನ ತಮ್ಮ ಹೇಳಿಯೇಬಿಟ್ಟ, ಅಪ್ಪ, ನಿಮ್ಮ ಕೈಲಿ ಆಗಲ್ಲ, ಈ ವರ್ಷ ಬಿಟ್ಬುಡಿ ಅಂತ. ನಿಮ್ಮಪ್ಪ ಸ್ಲೇಟು ತೆಗೆದುಕೊಂಡು "ನೀನು ಕಲಿ" ಎಂದು ಬರೆದರು. ಕೆವಿನ್ ಅದನ್ನು ಓದಿ ಮುಖ ಆಚೆ ತಿರುಗಿಸಿ, "ನೀವಿರೋವಾಗ ನಾನ್ಯಾಕೆ ಕಲೀಬೇಕು?" ಎಂದವನೇ ಹೆಲ್ಮೆಟ್ ಎತ್ತಿಕೊಂಡು ಕಡಕೊಳಕ್ಕೆ, ಶಿಫ್ಟಿಗೆ ಹೊರಟುಹೋದ. ಸೋಮಾರಿ ಎಂದು ಬೈಯಬೇಡ. ಅವನಿಗೆ ಸೌಟು ಹಿಡಿಯಲು ಬೇಸರವಿಲ್ಲ. ಸೌಟು ಕೈಗೆ ತೆಗೆದುಕೊಂಡರೆ ಅಪ್ಪನನ್ನು ಕಳಿಸಿಕೊಟ್ಟ ಹಾಗೆ ಎಂದು ಅವನ ಹೆದರಿಕೆ. ನನಗೂ ಅದೇ ಹೆದರಿಕೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ.

ಅಂತೂ ಗರಿಗಳ ಭಾನುವಾರ ಕಳೆದ ಮೇಲೆ ಕೆಲಸ ಶುರುವಾಯಿತು. ಚರ್ಚಿನ ಹಿಂದಿನ ಅಟ್ಟದಿಂದ ದೊಡ್ಡ ತಾಮ್ರದ ಕೊಪ್ಪರಿಗೆಗಳನ್ನು ಇಳಿಸಿ ದೇವರಾಜ ಮೊಹಲ್ಲಾದಲ್ಲಿ ಕಲಾಯಿ ಹಾಕಿಸಿಕೊಂಡು ಬಂದರು. ನಿಮ್ಮಪ್ಪ ತಾವೇ ಆಟೋದಲ್ಲಿ ಹೋಗಿ ಎದುರಿಗೆ ಕೂತು ಮಾಡಿಸಬೇಕು, ಬೇರೆಯವರನ್ನು ನಂಬುವ ಪೈಕಿ ಅಲ್ಲ. ಮನೆಗೆ ಬಂದು ಮಲಗಿದವರು ಮಾರನೇ ದಿನ ಮಧ್ಯಾಹ್ನದವರೆಗೆ ಏಳಲಿಲ್ಲ. ನುಚ್ಚಕ್ಕಿ, ಹೆಸರುಕಾಳು ವೆಂಕಟಸುಬ್ಬಯ್ಯನವರ ಅಂಗಡಿಯಿಂದ ಬಂತು. ಶಾಮಿಯಾನ, ಜಮಖಾನ, ನೀರಿನ ಟ್ಯಾಂಕರು ಎಲ್ಲ ಸಿಲ್ವಿಯಾ ನೋಡಿಕೊಂಡಳು. ಆ ಹುಡುಗಿ ಮಾತು ಕಡಿಮೆ, ಕೆಲಸ ಜಾಸ್ತಿ. ಟ್ಯಾಂಕರಿನವನು ಬರುತ್ತೇನೆಂದು ಹೇಳಿ ಕೈಕೊಟ್ಟರೆ ಇರಲಿ ಎಂದು ನಮ್ಮ ಬೀದಿಯ ಎರಡು ಮನೆಯ ಸಂಪು ತುಂಬಿಸಿ ಇಟ್ಟಿದ್ದಳು. ಒಲೆಯ ವಿಷಯದಲ್ಲಿ ಮಾತ್ರ ನನಗೆ ದಿಗಿಲಿತ್ತು. ಯಾವಾಗಲೂ ಸೌದೆ ಒಲೆ ಅಲ್ಲವೇ? ಈಗ ನಿಮ್ಮಪ್ಪ ಉಸಿರಾಡುವುದು ಕತ್ತಿನ ತೂತಿನಿಂದ. ಹೊಗೆ ನೇರ ಒಳಗೆ ಹೋಗುತ್ತದೆ. ಕೆವಿನ್ ಒಂದು ಸಂಜೆ ಏನೂ ಹೇಳದೆ ದೊಡ್ಡ ಗ್ಯಾಸ್ ಒಲೆಗಳನ್ನು ಬಾಡಿಗೆಗೆ ತಂದು ಅಂಗಳದಲ್ಲಿ ಇಳಿಸಿದ. ಸೌದೆಯಲ್ಲಿ ಬೆಂದ ಗಂಜಿಯೇ ಗಂಜಿ ಎಂದು ಊರೆಲ್ಲ ವಾದ ಮಾಡುತ್ತಿದ್ದ ಮನುಷ್ಯ, ಈ ಸಲ ಜಗಳ ತೆಗೆಯುತ್ತಾರೆ ಎಂದುಕೊಂಡೆ. ಒಲೆಯ ಕಡೆ ನೋಡಿ ತಲೆಯಾಡಿಸಿ ಸುಮ್ಮನಾದರು. ಅವರು ಅಷ್ಟು ಸುಲಭವಾಗಿ ಒಪ್ಪಿಕೊಂಡದ್ದು ನೋಡಿ ನನಗೆ ಹೆದರಿಕೆಯಾಯಿತು.

ಗುರುವಾರ ಪಾದ ತೊಳೆಯುವ ಪೂಜೆಗೆ ಮುಂಚೆ ನಾವು ಹೆಂಗಸರೆಲ್ಲ ಚರ್ಚಿನ ಜಗಲಿಯಲ್ಲಿ ಕೂತು ಹೆಸರುಕಾಳಿನಲ್ಲಿ ಕಲ್ಲು ಆರಿಸಿದೆವು. ಒಂದು ಕೈಯಲ್ಲಿ ಮೊರ, ಬಾಯಲ್ಲಿ ಜಪಸರ. ನೀನು ಚಿಕ್ಕವಳಿದ್ದಾಗ ನನ್ನ ತೊಡೆಗೆ ಒರಗಿ ಕಾಳಿಗಿಂತ ಹೆಚ್ಚಾಗಿ ಕಲ್ಲನ್ನೇ ಪಾತ್ರೆಗೆ ಹಾಕುತ್ತಿದ್ದೆ, ನೆನಪಿದೆಯೇ? ಪ್ರತಿ ವರ್ಷ ಅದನ್ನು ಯಾರಾದರೂ ಹೇಳಿ ನಗುತ್ತಾರೆ, ಆಮೇಲೆ ನೀನು ಹೇಗಿದ್ದೀಯ ಎಂದು ಕೇಳುತ್ತಾರೆ. ಈ ಸಲ ನಿನ್ನ ನಂತರ ನಿಮ್ಮಪ್ಪನನ್ನೂ ಕೇಳಿದರು. ಪರವಾಗಿಲ್ಲ, ದೇವರ ದಯೆ ಎಂದೆ. ಕಲ್ಲು ಆರಿಸುವಾಗ ತಲೆ ಎತ್ತಬೇಕಾಗಿಲ್ಲ, ಅದೊಂದು ಅನುಕೂಲ.

ಇನ್ನು ಶಾಮಣ್ಣನವರ ವಿಷಯ ಬರೆಯದಿದ್ದರೆ ಮುಂದಿನದು ನಿನಗೆ ಅರ್ಥವಾಗುವುದಿಲ್ಲ. ಶುಕ್ರವಾರ ಬೇಯಿಸುವವರೆಲ್ಲ ಉಪವಾಸ, ನಾಲಿಗೆಗೆ ಒಂದು ಹನಿ ಸೋಕಿಸುವಂತಿಲ್ಲ. ನೀನು ಇನ್ನೂ ಹುಟ್ಟಿರದ ಒಂದು ವರ್ಷ, ರುಚಿ ನೋಡುವವರಿಲ್ಲದೆ ಒಬ್ಬೊಬ್ಬರೂ ಬಂದು ಒಂದೊಂದು ಹಿಡಿ ಉಪ್ಪು ಹಾಕಿಹೋಗಿ, ಗಂಜಿ ಬಾಯಿಗೆ ಇಡದಂತಾಗಿ, ಊರೆಲ್ಲ ಸಾಯಂಕಾಲ ಉಪವಾಸವೇ ಮನೆಗೆ ಹೋಯಿತು. ಮಾರನೇ ವರ್ಷ ನಿಮ್ಮಪ್ಪ ಹಿಂದಿನ ಬೀದಿಯ ಶಾಮಣ್ಣನವರ ಮನೆಗೆ ಹೋಗಿ, ನಿಮಗೆ ಉಪವಾಸ ಇಲ್ಲವಲ್ಲ ಸ್ವಾಮಿ, ಬಂದು ಉಪ್ಪು ನೋಡಿಕೊಡಿ ಎಂದು ಕರೆದುಕೊಂಡು ಬಂದರು. ಅವರ ತಾತ ಮುತ್ತಾತ ಅರಮನೆಯಲ್ಲಿ ಪಂಡಿತರಾಗಿದ್ದವರು, ಇವರು ಸಂಸ್ಕೃತದ ಮೇಷ್ಟರು, ಕಾಫಿ ಹೋಟೆಲಿಗೂ ಕಾಲಿಡದವರು. ಹೆಂಡತಿ ಅಂಬುಜಮ್ಮ, ಇಷ್ಟು ದಿನ ಇಲ್ಲದ್ದು ಈಗೇನು ಎಂದು ಕೇಳಿದ್ದಕ್ಕೆ, ರುಚಿ ನೋಡುವುದು ಊಟದ ಲೆಕ್ಕಕ್ಕೆ ಬರುವುದಿಲ್ಲ ಎಂದು ಹೇಳಿ ಬಂದರಂತೆ. ಅಲ್ಲಿಂದ ಒಂದು ವರ್ಷವೂ ತಪ್ಪಿಸಿಲ್ಲ. ಮಧ್ಯಾಹ್ನ ಸ್ನಾನ ಮಾಡಿ, ಮಡಿಪಂಚೆ ಉಟ್ಟು ಬಂದು, ಅಂಗೈಯಲ್ಲಿ ಒಂದಿಷ್ಟು ಗಂಜಿ ಹಾಕಿಸಿಕೊಂಡು ಬಾಯಿಗೆ ಹಾಕಿ, ಕಣ್ಣು ಮುಚ್ಚಿ ಯೋಚನೆ ಮಾಡಿ, ಸರಿಯಾಗಿದೆ ಎಂದು ತೀರ್ಪು ಕೊಟ್ಟು ಹೋಗುತ್ತಾರೆ.

ಈ ಸಲವೂ ಬಂದರು. ಹೊತ್ತಿಗೆ ಸರಿಯಾಗಿ ಗಂಜಿ ಬೆಂದಿತ್ತು, ಕಾಳು ಒಡೆದಿತ್ತು. ನಿಮ್ಮಪ್ಪ ಕುರ್ಚಿ ಹಾಕಿಕೊಂಡು ಕೊಪ್ಪರಿಗೆಯ ಪಕ್ಕದಲ್ಲೇ ಕೂತಿದ್ದರು, ಕತ್ತಿಗೆ ಒದ್ದೆ ಬಟ್ಟೆ ಸುತ್ತಿಕೊಂಡು. ಕೈ ತಟ್ಟಿ ಕರೆಯುವುದು, ಬೆರಳಲ್ಲಿ ಉರಿ ಇಳಿಸು ಎನ್ನುವುದು, ತಳ ಹಿಡಿಯುತ್ತದೆ ತಿರುವು ಎಂದು ಮುಂಗೈ ತಿರುಗಿಸುವುದು, ಹೀಗೆ ಎಲ್ಲವನ್ನೂ ಸನ್ನೆಯಲ್ಲೇ ನಡೆಸಿದ್ದರು. ಉಪ್ಪನ್ನು ಮಾತ್ರ ತಾವೇ ಎದ್ದು ಹಾಕಿದರು. ಅವರ ಮುಷ್ಟಿಯೇ ಅವರ ಅಳತೆ. ಶಾಮಣ್ಣನವರು ಅಂಗೈ ಒಡ್ಡಿದರು, ಬಾಯಿಗೆ ಹಾಕಿಕೊಂಡರು, ಮುಖ ಕಿವುಚಿದರು. ಉಪ್ಪು ಕೈಮೀರಿದೆ ಕಣ್ರೀ, ಹೀಗೇ ಬಿಟ್ಟರೆ ಯಾರಿಗೂ ಕುಡಿಯೋಕಾಗಲ್ಲ ಎಂದರು. ನಿಮ್ಮಪ್ಪ ಇಲ್ಲ ಎಂದು ಜೋರಾಗಿ ತಲೆಯಾಡಿಸಿದರು. ಮುಷ್ಟಿ ಎತ್ತಿ ತೋರಿಸಿದರು. ಸ್ಲೇಟಿನ ಮೇಲೆ ಬರೆಯಲು ಹೋದರೆ ಹಬೆಗೆ, ಬೆವರಿಗೆ ಬಳಪ ಹತ್ತಲಿಲ್ಲ. ಶಾಮಣ್ಣನವರು ಇನ್ನೊಂದು ಸಲ ನೋಡಿ, ಮೊದಲು ಹೇಳಿದ್ದನ್ನೇ ಹೇಳಿದರು. ಅಷ್ಟರಲ್ಲಿ ಆರಾಧನೆಗೆ ಹೊತ್ತಾಗುತ್ತಿತ್ತು, ಎಲ್ಲರೂ ಕೆವಿನ್ ಮುಖ ನೋಡಿದರು. ಅವನಿಗೆ ಹಸಿವು, ಬಿಸಿಲು, ರಾತ್ರಿ ಪಾಳಿ ಮುಗಿಸಿ ಬಂದ ಸುಸ್ತು.

"ಅಪ್ಪಂಗೆ ಈಗ ರುಚಿ ಎಲ್ಲಿ ಗೊತ್ತಾಗುತ್ತೆ? ಶಾಮಣ್ಣೋರು ಹೇಳಿದ್ರಲ್ಲ, ನೀರು ಹುಯ್ಯಿರಿ."

ಹೇಳಿದ ಮೇಲೆ ಅವನಿಗೇ ತಿಳಿಯಿತು. ಆದರೆ ಆಡಿದ ಮಾತು ಆಡಿಯಾಗಿತ್ತು. ಆಪರೇಷನ್ ಆದಾಗಿನಿಂದ ಹೊಟ್ಟೆಗೆ ಹಾಕಿರುವ ನಳಿಗೆಯಲ್ಲೇ ನಿಮ್ಮಪ್ಪನ ಊಟ, ನಾಲಿಗೆಗೆ ಏನೂ ತಾಗಿಲ್ಲ. ಅದು ಎಲ್ಲರಿಗೂ ಗೊತ್ತು, ಯಾರೂ ಅವರೆದುರಿಗೆ ಆಡಿರಲಿಲ್ಲ. ಅವರು ಎತ್ತಿದ ಮುಷ್ಟಿಯನ್ನು ಇಳಿಸಿದರು. ಎದ್ದು ಹೋಗಿ ಗೋಡೆಯ ಪಕ್ಕದ ಕಲ್ಲಿನ ಮೇಲೆ, ನಮ್ಮೆಲ್ಲರಿಗೂ ಬೆನ್ನು ಹಾಕಿ ಕೂತರು. ಗಂಜಿಯನ್ನು ಎರಡು ಕೊಪ್ಪರಿಗೆಗೆ ಪಾಲು ಮಾಡಿ, ಬಿಸಿನೀರು ಸುರಿದು, ಬೇರೆ ಬೇಯಿಸಿದ ನುಚ್ಚು ಬೆರೆಸಿದರು. ನಾನು ಕೆವಿನ್‌ಗೆ ಅನ್ನಬೇಕು ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು ಆರಾಧನೆಗೆ ಹೋದೆ. ಶಿಲುಬೆಗೆ ಮುತ್ತಿಡುವ ಸಾಲಿನಲ್ಲಿ ನಿಮ್ಮಪ್ಪ ನನ್ನ ಮುಂದಿದ್ದರು. ಬಗ್ಗಿ ಮುತ್ತಿಟ್ಟು, ಹಣೆಯನ್ನು ಮರಕ್ಕೆ ಒತ್ತಿಕೊಂಡು ಅಲ್ಲೇ ಇದ್ದುಬಿಟ್ಟರು. ಹಿಂದಿನವರು ಕಾದರು. ಫಾದರ್ ಕೂಡ ಕಾದರು.

ಹೊರಗೆ ಬಂದಾಗ ಬಿಸಿಲು ಇಳಿದಿತ್ತು. ಶಾಮಿಯಾನದ ಕೆಳಗೆ ಸಾಲಾಗಿ ಕೂತರು. ನಮ್ಮ ಪದ್ಧತಿಯಂತೆ ಎಲ್ಲರೂ ಮನೆಯಿಂದ ತಂದ ತಮ್ಮ ತಮ್ಮ ಬಟ್ಟಲಲ್ಲೇ ಕುಡಿಯುವುದು, ತಾವೇ ತೊಳೆದುಕೊಂಡು ಹೋಗುವುದು. ಬಟ್ಟಲು ಇಲ್ಲದೆ ಬಂದವರಿಗೆ ಚರ್ಚಿನ ಸ್ಟೀಲ್ ತಟ್ಟೆ. ಚಟ್ನಿ, ಉಪ್ಪಿನಕಾಯಿ ಏನೂ ಇಲ್ಲ, ಅವತ್ತು ನಾಲಿಗೆಗೆ ಹಬ್ಬ ಬೇಡ ಎಂದು ನಿಮ್ಮಪ್ಪನ ಕಟ್ಟುನಿಟ್ಟು. ಗೇಟಿನಲ್ಲಿ ಹೂವು ಮಾರುವ ಪುಟ್ಟಬಸಮ್ಮ ಯಾವಾಗಲೂ ಮೊದಲ ಸಾಲಿನಲ್ಲೇ ಕೂರುತ್ತಾಳಲ್ಲ, ಅವಳು ಒಂದು ಗುಟುಕು ಕುಡಿದು ಬಟ್ಟಲನ್ನು ಕೆಳಗಿಟ್ಟಳು. "ಇದೇನವ್ವ ಟೀಚರಮ್ಮ, ಗಂಜಿಗೆ ಉಪ್ಪೇ ಆಕಿಲ್ವಲ್ಲ" ಎಂದಳು. ಪಕ್ಕದವರು ಕುಡಿದು ನೋಡಿ ಹೌದೆಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೆವಿನ್ ಸೌಟನ್ನು ಹಿಡಿದುಕೊಂಡೇ ನಿಂತುಬಿಟ್ಟ. ಮರದ ನೆರಳಲ್ಲಿ ನಿಂತಿದ್ದ ಶಾಮಣ್ಣನವರು ಹಣೆ ಹಣೆ ಚಚ್ಚಿಕೊಂಡರು. ಹೋದ ದೀಪಾವಳಿಯಲ್ಲಿ ಅವರಿಗೆ ಎದೆನೋವು ಬಂದು, ಡಾಕ್ಟರು ಉಪ್ಪು ಬಿಡಿಸಿದ್ದರು. ಅವತ್ತಿನಿಂದ ಅಂಬುಜಮ್ಮ ಸಾರಿಗೂ ಉಪ್ಪು ಹಾಕದೆ ಬಡಿಸುತ್ತಿದ್ದಾರಂತೆ. ಅಷ್ಟು ದಿನ ಸಪ್ಪೆ ತಿಂದ ನಾಲಿಗೆಗೆ ಹದವಾದ ಉಪ್ಪೂ ಸಮುದ್ರದ ನೀರಿನ ಹಾಗೆ ಕಂಡಿದೆ. ಅದು ಅವರಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ. ನಾವು ಉಪವಾಸವಿದ್ದೆವು, ಅವರು ಪಥ್ಯದಲ್ಲಿದ್ದರು. ಅಷ್ಟು ಜನರಲ್ಲಿ ಉಪ್ಪಿನ ಅಳತೆ ಸರಿಯಾಗಿ ಗೊತ್ತಿದ್ದದ್ದು ಕುಡಿಯಲಾಗದ ಒಬ್ಬರಿಗೆ ಮಾತ್ರ.

ಬೇರೆಯವರಾಗಿದ್ದರೆ, ನಾನು ಹೇಳಲಿಲ್ಲವೇ ಎಂದು ಮುಖ ಮಾಡುತ್ತಿದ್ದರು. ನಿಮ್ಮಪ್ಪ ಹಾಗೆ ಮಾಡಲಿಲ್ಲ. ಕಲ್ಲಿನಿಂದ ಎದ್ದು ಬಂದರು. ಒಂದು ತಟ್ಟೆಗೆ ಪುಡಿ ಉಪ್ಪು ಸುರಿದುಕೊಂಡರು. ಆಗಲೇ ಬಡಿಸಿದ್ದ ಸಾಲುಗಳಿಗೆ ಹೋಗಿ, ಮೊದಲ ಬಟ್ಟಲಿನ ಮುಂದೆ ಬಗ್ಗಿ ಒಂದು ಚಿಟಿಕೆ ಹಾಕಿ, ಬೆರಳಿನಿಂದ ಕಲೆಸಿಕೋ ಎಂದು ಸನ್ನೆ ಮಾಡಿದರು. ಆಮೇಲೆ ಪಕ್ಕದವರಿಗೆ. ಆಮೇಲೆ ಅವರ ಪಕ್ಕದವರಿಗೆ. ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದು ಎಂದು ಕೆಲವರು ಬಟ್ಟಲನ್ನೇ ಎತ್ತಿ ಹಿಡಿದರು. ಸಿಲ್ವಿಯಾ ಓಡಿಹೋಗಿ, ಮಾವ ನಾನು ಹಾಕ್ತೀನಿ ಕೊಡಿ ಎಂದಳು, ಕೊಡಲಿಲ್ಲ. ಎರಡನೇ ಸಾಲಿನ ಅರ್ಧಕ್ಕೆ ಬಂದು ತಟ್ಟೆಯನ್ನು ಎದೆಗೆ ಆನಿಸಿಕೊಂಡು ನಿಂತರು. ಆಗ ಕೆವಿನ್ ಬಂದು ಅವರ ಮುಂದೆ ನಿಂತ. ಅಪ್ಪ ಮಗ ಒಬ್ಬರನ್ನೊಬ್ಬರು ನೋಡಿದರು. ನಿಮ್ಮಪ್ಪ ತಟ್ಟೆಯನ್ನು ಅವನ ಕೈಗೆ ಕೊಟ್ಟರು, ಚಿಟಿಕೆ ಮಾತ್ರ ತಮ್ಮದೇ. ಇವನು ತಟ್ಟೆ ಹಿಡಿದು ಹಿಂದೆ ಹಿಂದೆ ನಡೆದ, ಅವರು ಹಾಕುತ್ತಾ ಹೋದರು.

ಜೆನ್ನಿ, ಅದನ್ನು ಹೇಗೆ ಬರೆಯಲಿ? ಮೊದಮೊದಲು ಅದು ಉಪ್ಪು ಹಾಕುವ ಕೆಲಸವಾಗಿಯೇ ಇತ್ತು. ಹೋಗುತ್ತಾ ಹೋಗುತ್ತಾ ನಿಮ್ಮಪ್ಪ ಒಬ್ಬೊಬ್ಬರ ಮುಂದೆಯೂ ಒಂದು ಗಳಿಗೆ ನಿಂತು ಅವರ ಮುಖ ನೋಡತೊಡಗಿದರು. ಜೊತೆಯಲ್ಲಿ ಕೆಲಸ ಮಾಡಿದವರು, ನಿನ್ನ ಜೊತೆ ಓದಿದ ಹುಡುಗಿಯರು, ಅವರ ಮಕ್ಕಳು, ಹಿಂದೊಮ್ಮೆ ಇವರ ಮೇಲೆ ಕಂಪ್ಲೇಂಟ್ ಬರೆದಿದ್ದ, ಚರ್ಚಿನಲ್ಲಿ ಹಾಡು ಹೇಳಿಸುವ ಕಾಯರ್ ಮಾಸ್ತರು, ಎಲ್ಲರೂ ಇದ್ದರಲ್ಲ. ಶುಭ ಶುಕ್ರವಾರ ಚರ್ಚಿನ ಗಂಟೆಯನ್ನೂ ಬಾರಿಸುವುದಿಲ್ಲವಲ್ಲ, ಅಷ್ಟು ಜನ ಕೂತ ಜಾಗದಲ್ಲಿ ಬಟ್ಟಲಿನ ಸದ್ದು ಬಿಟ್ಟು ಏನೂ ಕೇಳಿಸುತ್ತಿರಲಿಲ್ಲ. ಕಾಯರ್ ಮಾಸ್ತರು ಎದ್ದು ನಿಂತು ಅವರ ಭುಜ ಹಿಡಿದುಕೊಂಡು ಅತ್ತೇಬಿಟ್ಟರು. ಕೊನೆಗೆ ಪುಟ್ಟಬಸಮ್ಮನ ಹತ್ತಿರ ಬಂದರು. ಮೊದಲ ಸಾಲಾದರೂ ಅವಳು ಆ ತುದಿಯಲ್ಲಿದ್ದಳು, ಬಿಟ್ಟುಹೋಗಿತ್ತು. ಅವಳು ಉಪ್ಪು ಹಾಕಿಸಿಕೊಂಡು, ಆ ಕೈಯನ್ನೇ ಎರಡೂ ಕೈಯಲ್ಲಿ ಹಿಡಿದುಕೊಂಡು, "ಬರೋ ವರ್ಸನೂ ನೀವೇ ಬಂದು ಆಕ್ಬೇಕು ಕಣಪ್ಪ" ಎಂದಳು.

ನಿಮ್ಮಪ್ಪ ಅವಳನ್ನು ನೋಡಿ ನಕ್ಕರು. ಆಮೇಲೆ ಇಲ್ಲ ಎಂದು ನಿಧಾನವಾಗಿ ತಲೆಯಾಡಿಸಿ, ತಟ್ಟೆ ಹಿಡಿದಿದ್ದ ಕೆವಿನ್ ಕಡೆ ಕೈ ತೋರಿಸಿದರು.

ಅಷ್ಟೇ. ಅಷ್ಟು ಜನರೆದುರಿಗೆ. ನಾನು ಕಂಬ ಹಿಡಿದುಕೊಂಡು ನಿಂತೆ. ಪುಟ್ಟಬಸಮ್ಮ ಕೈ ಬಿಟ್ಟು ಬಟ್ಟಲು ಎತ್ತಿಕೊಂಡು ಪೂರ್ತಿ ಕುಡಿದಳು. ಫಾದರ್ ನನ್ನ ಪಕ್ಕಕ್ಕೆ ಬಂದು ಇವತ್ತು, ನೀವು ಭೂಮಿಗೆ ಉಪ್ಪು ಎಂಬ ಯೇಸುವಿನ ಮಾತಿನ ಮೇಲೆ ದೊಡ್ಡ ಪ್ರಸಂಗ ಕೇಳಿದ ಹಾಗಾಯಿತು ಎಂದು ಶುರುಮಾಡಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದರು. ಆದರೆ ನನಗೆ ಆಗ ಪ್ರಸಂಗ ಬೇಕಿರಲಿಲ್ಲ. ಪಾತ್ರೆ ತೊಳೆಯಬೇಕು ಫಾದರ್ ಎಂದು ಹೇಳಿ ಬಂದುಬಿಟ್ಟೆ.

ತೊಳೆಯುವ ಕೆಲಸವೂ ಸಣ್ಣದಾಗಿರಲಿಲ್ಲ. ನೀರು ಸುರಿದು ಹೆಚ್ಚಿಸಿದ್ದರಿಂದ ಒಂದು ಕೊಪ್ಪರಿಗೆಯ ಗಂಜಿ ಮಿಕ್ಕಿತ್ತು. ಅವತ್ತಿನ ಗಂಜಿಯನ್ನು ಚೆಲ್ಲುವಂತಿಲ್ಲ. ಆ ಹೊತ್ತಿಗೆ ಕೆವಿನ್ ಉಪವಾಸ ಮುರಿದಿದ್ದ. ಸೌಟಿನಲ್ಲಿ ತೆಗೆದು ತಾನೇ ರುಚಿ ನೋಡಿ, ತಾನೇ ಉಪ್ಪು ಹಾಕಿ, ಮತ್ತೆ ನೋಡಿ, ಅಪ್ಪನ ಕಡೆ ತಿರುಗಿದ. ನಿಮ್ಮಪ್ಪ ಬೇಕೆಂದೇ ಬೇರೆ ಕಡೆ ನೋಡುತ್ತಿದ್ದರು. ಅವನು ಇನ್ನೊಂದು ಚೂರು ಹಾಕಿ, ಸರಿಯಾಯಿತು ಎಂದು ತಾನೇ ಹೇಳಿಕೊಂಡ. ಅವನೂ ಸಿಲ್ವಿಯಾನೂ ಅದನ್ನು ಟೆಂಪೋದಲ್ಲಿಟ್ಟುಕೊಂಡು ಮೇಟಗಳ್ಳಿ ಕಡೆ ಕಟ್ಟಡ ಕೆಲಸದವರ ಶೆಡ್ಡುಗಳಿಗೆ ಹೋಗಿ ಹಂಚಿ ಬಂದರು. ಅಷ್ಟರಲ್ಲಿ ನಾವು ಜಮಖಾನ ಒದರಿ ಮಡಿಸಿ, ಅಂಗಳ ಗುಡಿಸಿ ನೀರು ಹಾಕಿ, ಒಲೆ ಆರಿಸಿ ಒಂದು ಕಡೆ ಜೋಡಿಸಿದ್ದೆವು. ಕೊಪ್ಪರಿಗೆಗಳನ್ನು ಮಾತ್ರ ಮುಟ್ಟಬೇಡಿ, ನಾನು ಬಂದು ತೊಳೆಯುತ್ತೇನೆ ಎಂದು ಕೆವಿನ್ ಹೇಳಿ ಹೋಗಿದ್ದ. ಬಂದು ಹುಣಸೆಹಣ್ಣು ಹಚ್ಚಿ, ಕೊಪ್ಪರಿಗೆಯನ್ನು ಮಗ್ಗುಲಾಗಿ ಮಲಗಿಸಿ, ಅದರೊಳಗೆ ಅರ್ಧ ಮೈ ತೂರಿಸಿಕೊಂಡು ಉಜ್ಜುತ್ತಿದ್ದ. ನಾನು ನೀರು ಕೊಡಲು ಹೋದೆ. ಉಜ್ಜುವ ಸದ್ದು ನಿಂತಿತ್ತು. ಒಳಗೆ ತಲೆಯಿಟ್ಟುಕೊಂಡು ಅಳುತ್ತಿದ್ದಾನೆ, ತಾಮ್ರದೊಳಗೆ ಆ ಅಳು ದೊಡ್ಡದಾಗಿ ಕೇಳಿಸುತ್ತಿದೆ. ಬಕೆಟ್ಟನ್ನು ಅಲ್ಲೇ ಇಟ್ಟು, ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತೆ. ಅಪ್ಪನಿಗೆ ನಾನ್ಯಾಕಮ್ಮ ಹಂಗಂದೆ ಎಂದ. ಅವರಿಗೆ ನಿನ್ನ ಮೇಲೆ ಬೇಜಾರಿಲ್ಲ ಕಣೋ, ಬೇಜಾರಿದ್ದಿದ್ದರೆ ತಟ್ಟೆ ಕೊಡುತ್ತಿರಲಿಲ್ಲ ಎಂದೆ.

ಶನಿವಾರ ಬೆಳಿಗ್ಗೆಯೇ ಶಾಮಣ್ಣನವರು ಅಂಬುಜಮ್ಮನವರನ್ನು ಕರೆದುಕೊಂಡು ಮನೆಗೆ ಬಂದರು. ಮುಖ ಬಾಡಿಹೋಗಿತ್ತು ಪಾಪ. ದಾರಿಯುದ್ದಕ್ಕೂ ಹೆಂಡತಿಯ ಕೈಲಿ ಅನ್ನಿಸಿಕೊಂಡೇ ಬಂದಿದ್ದರೆಂದು ನೋಡಿದರೇ ಗೊತ್ತಾಗುತ್ತಿತ್ತು. ಕ್ಷಮಿಸಿ ಎಂದು ಕೈ ಮುಗಿಯಲು ಹೋದರೆ ನಿಮ್ಮಪ್ಪ ಆ ಕೈಗಳನ್ನು ಹಿಡಿದು ಇಳಿಸಿ, ಸ್ಲೇಟಿನಲ್ಲಿ "ಇನ್ನು ಮೇಲೆ ಉಪ್ಪು ನೋಡುವ ಕೆಲಸ ಅಂಬುಜಮ್ಮನವರಿಗೆ" ಎಂದು ಬರೆದು ತೋರಿಸಿದರು. ಅಂಬುಜಮ್ಮ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, ಲೂರ್ದು, ಜೆನ್ನಿಗೆ ಬರೆದಿದ್ದೀರಾ ಎಂದು ಕೇಳಿದರು. ನಾನು ಗೇಟು ತೆಗೆದು ಹಿಡಿದುಕೊಂಡೆ. ಅವರು ಮತ್ತೆ ಕೇಳಲಿಲ್ಲ.

ಭಾನುವಾರ ಪಾಸ್ಕ ಹಬ್ಬ ನಿನಗೆ ಗೊತ್ತಿದ್ದದ್ದೇ. ಗಂಟೆ ಬಾರಿಸಿದರು, ಬಿರಿಯಾನಿ ಆಯಿತು, ನೆಂಟರು ಬಂದರು. ನಿಮ್ಮಪ್ಪ ಹೊಸ ಅಂಗಿ ಹಾಕಿಕೊಂಡು ಊಟದ ಮನೆಯಲ್ಲೇ ಕೂತು, ಎಲ್ಲರೂ ಉಣ್ಣುವುದನ್ನು ನೋಡಿದರು. ಗಂಜಿ ಚೆನ್ನಾಗಿ ನಡೆಯಿತು ಎಂದು ಬಂದವರೆಲ್ಲ ಹೇಳಿದರು. ನಿಜ, ಚೆನ್ನಾಗಿಯೇ ನಡೆಯಿತು. ಇಷ್ಟು ವರ್ಷದ ಗಂಜಿಯಲ್ಲಿ ಇದನ್ನೇ ಜನ ನೆನೆಸಿಕೊಳ್ಳುತ್ತಾರೆ.

ಮಗಳೇ, ಗಂಜಿಯ ವಿಷಯ ಮುಗಿಯಿತು, ಕಾಗದವೂ ಮುಗಿಯುತ್ತಾ ಬಂತು. ಮೊಣಕಾಲಿಗೆ ಎಣ್ಣೆ ಹಚ್ಚು. ನಿಮ್ಮ ಮದರ್‌ಗೂ ಜೊತೆಯ ಸಿಸ್ಟರುಗಳಿಗೂ ನನ್ನ ಸ್ತೋತ್ರ ಹೇಳು. ನೀನು ಮಲಗುವ ಮುಂಚೆ ನಿನ್ನ ಹಣೆಗೆ ಹೆಬ್ಬೆರಳಿನಿಂದ ಶಿಲುಬೆ ಗುರುತು ಹಾಕುತ್ತಿದ್ದೆನಲ್ಲ, ಈಗಲೂ ಪ್ರತಿ ದಿನ ನಿನ್ನ ಫೋಟೋದ ಗಾಜಿನ ಮೇಲೆ ಹಾಕುತ್ತೇನೆ. ಮರಿಯಮ್ಮನವರು ನಿನ್ನನ್ನು ಸೆರಗಿನಲ್ಲಿಟ್ಟುಕೊಂಡು ಕಾಪಾಡಲಿ.

ನಿನ್ನ ಅಮ್ಮ,
ಲೂರ್ದುಮೇರಿ

ಲಕೋಟೆ ಅಂಟಿಸುವ ಮುಂಚೆ: ಕೆವಿನ್ ಅಂಚೆಗೆ ಹಾಕಲು ಬಾಗಿಲಲ್ಲಿ ನಿಂತಿದ್ದಾನೆ, ನಿಮ್ಮಪ್ಪನಿಗೆ ನಿದ್ದೆ ಹತ್ತಿದೆ. ರೋಗ ಶ್ವಾಸಕೋಶಕ್ಕೆ ಹರಡಿದೆ, ಜೆನ್ನಿ. ಇನ್ನು ನೋವಿಗೆ ಮಾತ್ರ ಔಷಧಿ, ಮಳೆಗಾಲ ನೋಡುವುದು ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ. ಹೂವು ಮಾರುವ ಪುಟ್ಟಬಸಮ್ಮನಿಗೆ ತಿಳಿದ ಮೇಲೆ ಹೊಟ್ಟೆಯಲ್ಲಿ ಹುಟ್ಟಿದ ನಿನಗೆ ತಿಳಿಯಬಾರದೇ? ಬೇಡ ಎಂದಿದ್ದರು, ಬರೆದಿದ್ದೇನೆ, ಬೈದರೆ ಸ್ಲೇಟಿನಲ್ಲಿ ಬೈಸಿಕೊಳ್ಳುತ್ತೇನೆ. ಬಂದುಬಿಡು ಎಂದು ನಾನು ಕೇಳುತ್ತಿಲ್ಲ. ಮದರ್‌ಗೆ ಈ ಕಾಗದ ತೋರಿಸಿ ಒಂದೇ ಒಂದು ಸಲ ಫೋನ್ ಮಾಡಲು ಅಪ್ಪಣೆ ಕೇಳು. ಕೆವಿನ್ ನಂಬರು ಲಕೋಟೆಯ ಹಿಂದೆ ಬರೆದಿದ್ದೇನೆ. ಯಾವ ಹೊತ್ತಾದರೂ ಸರಿ, ಅವರ ಕಿವಿಗೆ ನಾನೇ ಹಿಡಿಯುತ್ತೇನೆ. ನೀನೇ ಮಾತಾಡಬೇಕು, ಏನು ಬೇಕಾದರೂ ಮಾತಾಡು, ಇವತ್ತು ಅಡುಗೆ ಏನು ಎಂದಾದರೂ ಹೇಳು. ಈ ಕಡೆಯಿಂದ ಉಸಿರು ಬಿಟ್ಟು ಏನೂ ಕೇಳಿಸುವುದಿಲ್ಲ. ಲೈನ್ ಕಟ್ಟಾಯಿತು ಅಂದುಕೊಂಡು ಇಟ್ಟುಬಿಡಬೇಡ.